ಪ್ರಭುತ್ವ ಪರ್ಮನೆಂಟ್ ಅಲ್ಲ!

ನಾನು ಬಳ್ಳಾರಿಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ. ಮಾಡಿದವನು. ಆಮೇಲೆ ಗಡಿಯಾಚೆ ಆಂಧ್ರದ ಹೊಳಗುಂದದಲ್ಲಿ ಹತ್ತಿ ವ್ಯಾಪಾರಕ್ಕೆ ಕೂತೆನಾದ್ದರಿಂದ ನನ್ನ ಪಾಂಡಿತ್ಯ ದೇಶಕ್ಕೆ ದಕ್ಕಲಿಲ್ಲ. ಹೀಗಿರುವಾಗ ನನ್ನ ಹೆಂಡತಿ ಗಿರಿಜಾ ಅದೇ ವಿಷಯದಲ್ಲಿ ಫೇಲಾಗಿ ಬಂದಳು. "ಹೆದರಬ್ಯಾಡ, ನಾ ಅದೀನಲ್ಲ!" ಎಂದು ತೋಳೇರಿಸಿದೆ.

ಗಿರಿಜಾ ಅಂಗನವಾಡಿ ಟೀಚರು. ಮನೆಯಲ್ಲೇ ಓದಿ ಡಿಗ್ರಿ ಪರೀಕ್ಷೆಗೆ ಕಟ್ಟಿದ್ದಳು. ಈ ಒಂದು ಪೇಪರ್ ಪಾಸಾದರೆ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಆಕೆ ಪತ್ತಿಕೊಂಡದವಳು, ಓದಿದ್ದೆಲ್ಲ ತೆಲುಗಿನಲ್ಲಿ. ನಾನು ಓದಿದ್ದು ಕನ್ನಡದಲ್ಲಿ. ಅದರಿಂದೇನಾದೀತು ಅಂದುಕೊಂಡೆ. ಏನೇನೋ ಆಯಿತು!

ದೇಶದೇಶಗಳ ಆಡಳಿತವನ್ನು ಹೋಲಿಸಿ ನೋಡುವವರಿಗೆ ಮೊದಲ ಪಾಠ ಒಂದೇ: ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಪ್ರಭುತ್ವ, ಅಂದರೆ ಇಂಗ್ಲಿಷಿನ ಸ್ಟೇಟ್, ಉಳಿಯುತ್ತದೆ. ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಪ್ರಭುತ್ವ ಶಾಶ್ವತ!"

"ರೀ, ತೆಲುಗಿನ್ಯಾಗ ಪ್ರಭುತ್ವಂ ಅಂದ್ರ ಸರ್ಕಾರ. ಶಾಶ್ವತ ಇರೋದಕ್ಕ ರಾಜ್ಯಂ ಅಂತಾರ."

"ರಾಜ್ಯ ಅಂದ್ರ ಆಂಧ್ರ, ಕರ್ನಾಟಕ!"

"ಅವಕ್ಕ ನಾವು ರಾಷ್ಟ್ರಂ ಅಂತೀವಿ."

"ರಾಷ್ಟ್ರ ಅಂದ್ರ ಇಡೀ ದೇಶ! ನೀ ಹೇಳೋದು ಬಜಾರದ ತೆಲುಗು. ಶಾಸ್ತ್ರ ಬ್ಯಾರೆ ಐತಿ."

ದಿನಾ ಸಂಜೆ ಇದೇ ಜಗಳ. ನಮ್ಮ ಗಲಾಟೆ ಕೇಳಿ ಗೋಡೆಯಾಚೆಯಿಂದ ನೆರೆಮನೆಯ ವೆಂಕಮ್ಮ, "ಏಮ್ಮಾ ಗಿರಿಜಾ, ಪ್ರಭುತ್ವಂ ಬಿದ್ದೋತೇನು?" ಎಂದು ಕೂಗುತ್ತಿದ್ದರು. ನನ್ನ ಶಾಸ್ತ್ರಜ್ಞಾನ ಅದಕ್ಕೂ ಬಗ್ಗಲಿಲ್ಲ. ಪರೀಕ್ಷೆಯ ದಿನ ಆದೋನಿಯ ಕಾಲೇಜಿನ ಗೇಟಿನಲ್ಲೂ, "ಪ್ರಭುತ್ವ ಶಾಶ್ವತ, ಮರೀಬ್ಯಾಡ!" ಎಂದೆ. ಆಕೆ ಸುಮ್ಮನೆ ತಲೆಯಾಡಿಸಿ ಒಳಗೆ ಹೋದಳು.

ಎದುರಿನ ಅಂಗಡಿಯಲ್ಲಿ ಒಗ್ಗಾಣಿ-ಮಿರ್ಚಿ ತಿನ್ನುತ್ತಾ ಕೂತೆ. ಪಕ್ಕದಲ್ಲಿ ಪರೀಕ್ಷೆಗೆ ಬಂದ ಇನ್ನೊಬ್ಬಾಕೆಯ ಗಂಡ, ಕೈಯಲ್ಲಿ ಅದೇ ಪೇಪರಿನ ತೆಲುಗು ಗೈಡ್. ಹೊತ್ತು ಹೋಗಲೆಂದು ಇಸಕೊಂಡು ತೆರೆದೆ. ಅಚ್ಚಾಗಿತ್ತು: ರಾಜ್ಯಂ ಶಾಶ್ವತಂ, ಪ್ರಭುತ್ವಂ ತಾತ್ಕಾಲಿಕಂ.

ಮಿರ್ಚಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಅಯ್ಯೋ ದೇವರೇ, ಹೆಂಡತಿಯ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ! ಗೇಟಿಗೆ ಓಡಿದೆ. ಕಾನ್‌ಸ್ಟೇಬಲ್ ಅಡ್ಡ ನಿಂತ.

"ಒಳಗ ಬಿಡ್ರಿ! ನನ್ನ ಹೆಂಡ್ತಿಗೆ ಅರ್ಜೆಂಟಾಗಿ ಹೇಳ್ಬೇಕು, ಪ್ರಭುತ್ವಂ ಪರ್ಮನೆಂಟ್ ಅಲ್ಲಂತ!"

"ಅದು ಎಲ್ಲಾರಿಗೂ ಗೊತ್ತೈತಲ್ಲ ಸಾರ್," ಎಂದ ಆತ.

ನಾನು ಸುಮ್ಮನಿರಬೇಕಲ್ಲ? ಕಾಂಪೌಂಡಿನ ಸುತ್ತ ಓಡಾಡುತ್ತಾ, "ಗಿರಿಜಾ! ಪ್ರಭುತ್ವ ಹೋಗ್ತೈತಿ! ಹೋಗ್ತೈತಿ!" ಎಂದು ಕಿರುಚಿದೆ. ರಸ್ತೆಯಲ್ಲಿ ಜನ ಸೇರಿದರು. ಯಾವ ಪಾರ್ಟಿ ಎಂದು ಒಬ್ಬರು ಕೇಳಿದರು. ಕಾನ್‌ಸ್ಟೇಬಲ್ ನನ್ನ ರಟ್ಟೆ ಹಿಡಿದು ತಂದು ಬೇವಿನ ಮರದ ಕೆಳಗೆ ಕೂಡಿಸಿದ.

ಪರೀಕ್ಷೆ ಮುಗಿಸಿ ಬಂದ ಗಿರಿಜಾ ನನ್ನ ಸ್ಥಿತಿ ನೋಡಿ ಗಾಬರಿಯಾದಳು.

"ಏನು ಬರದಿ?" ಎಂದು ಕೇಳಿದೆ.

"ಪ್ರಭುತ್ವಂ ತಾತ್ಕಾಲಿಕಂ ಅಂತ."

"ಮತ್ತ ನಾ ಹೇಳಿದ್ದು?"

"ನೀವು ಹೇಳಿದ್ದು ಕೇಳಿದೆ. ಕೇಳಿದ್ದೆಲ್ಲ ಬರೀಲಿಕ್ಕಾಗ್ತೈತೇನ್ರಿ?"

ನನ್ನ ಮಾತು ಕೇಳದ ಹೆಂಡತಿಯನ್ನು ಕೊಟ್ಟಿದ್ದಕ್ಕೆ ದೇವರಿಗೆ ಅಲ್ಲೇ ಕೈ ಮುಗಿದೆ. ಕಣ್ಣಲ್ಲಿ ನೀರೇ ಬಂತು.

ಆಕೆ ಪಾಸಾದಳು. ಓಣಿಗೆಲ್ಲ ಪೇಡೆ ಹಂಚುತ್ತಾ, "ನಮ್ಮನೆಯವರು ದಿನಾ ತಪ್ಪು ಹೇಳಿ ಜಗಳಾಡಿದ್ರು ನೋಡ್ರಿ, ಅದಕ್ಕ ಸರಿ ಉತ್ತರ ತಲ್ಯಾಗ ಗಟ್ಟಿಯಾಗಿ ಕೂತಿತು," ಎಂದಳು. ವ್ಯಂಗ್ಯವಲ್ಲ, ಮನಸಾರೆ ಹೇಳಿದಳು. ನಾನೂ ಮನಸಾರೆ ತಲೆ ತಗ್ಗಿಸಿದೆ.

ಈಗ ಸೂಪರ್‌ವೈಸರ್ ಪರೀಕ್ಷೆಗೆ ಓದುತ್ತಿದ್ದಾಳೆ. ನಿನ್ನೆ ಮೆಲ್ಲಗೆ ಹತ್ತಿರ ಹೋಗಿ ಕೇಳಿದೆ: "ಈ ಸಲ ಏನಾದ್ರೂ ಹೇಳಿಕೊಡ್ಲೇನು?"

ಆಕೆ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಚಹಾ ಮಾಡ್ಕೊಂಬರ್ರಿ. ಪ್ರಭುತ್ವ ಯಾರದೇ ಬರ್ಲಿ, ಆ ಖಾತೆ ಮಾತ್ರ ನಿಮಗ ಪರ್ಮನೆಂಟ್!"