ಹಮ್ಮ ಗೌಡನ ಐದನೇ ಬಾಣ

ಕೇಡು ಶುರುವಾದದ್ದು ಒಂದು ಫೋನಿನಿಂದ. ಶನಿವಾರ ಬೆಳಿಗ್ಗೆ ಕರ್ಕಿಯ ಹಮ್ಮ ಗೌಡ ಹರಿವೆ ಮಡಿಗೆ ನೀರು ಹೊಯ್ಯುತ್ತಿದ್ದಾಗ, ಬಿಲ್ಲು ಕಲಿಸುವ ಅಂಕಿತಾ ಮೇಡಂ ಫೋನು ಮಾಡಿದರು.

“ಹಮ್ಮಣ್ಣ, ನಾಳೆ ಕುಮಟೆ ಸ್ಪರ್ಧೆಗೆ ನಮ್ಮ ತಂಡದಲ್ಲಿ ಒಂದೇ ಜಾಗ ಉಳಿದದೆ. ನೀವೋ ವಿನೋದನೋ ಅಂತ ಇವತ್ತೇ ಹೇಳ್ಬೇಕು. ಅವ ನಿನ್ನೆ ಐದು ಬಾಣದಲ್ಲಿ ಮೂರು ಗುರಿಗೆ ಹಾಕಿದ. ನಾಲ್ಕು ಗಂಟೆಗೆ ನಿಮ್ಮ ಮನೆಗೇ ಬರ್ತೇನೆ, ಐದು ಬಾಣ ಹೊಡೆದು ತೋರ್ಸಿ.”

ಹಮ್ಮನ ಕೈಯ ಕೊಡ ಮಡಿಯ ಮೇಲೇ ಮಗುಚಿತು.

ಹಮ್ಮನಿಗೆ ನಲವತ್ತೇಳು ವರ್ಷ. ಸಿಟ್ಟು ಬಂದರೆ ಊರ ನಾಯಿ ಕೂಡ ದಾರಿ ಬಿಡುತ್ತಿತ್ತು. ಯಾರ ಮಾತನ್ನೂ ಕೇಳಿದವನಲ್ಲ. ಅಂಥವನು ಮೂರು ತಿಂಗಳ ಹಿಂದೆ ಮೀನು ತರಲು ಕಡಲಬದಿಗೆ ಹೋದಾಗ ಅಂಕಿತಾ ಮೇಡಂ ಬಿಲ್ಲು ಹಿಡಿದು ನಿಂತದ್ದನ್ನು ಕಂಡ. ಇಪ್ಪತ್ತಾರರ ಸಣಕಲು ಹುಡುಗಿ. ಕೈಯಲ್ಲಿ ಬರೀ ಬಿದಿರಿನ ಬಿಲ್ಲು, ಗುರಿ ನೋಡುವ ಯಂತ್ರ ಗಿಂತ್ರ ಏನೂ ಇಲ್ಲ. ಗಾಳಿ ತೆಂಗಿನ ಗರಿಗಳನ್ನು ತಿರುಚಿ ಹಾಕುತ್ತಿತ್ತು. ಅರವತ್ತು ಹೆಜ್ಜೆ ಆಚೆಗೆ ಒಂದು ಅಡಿಕೆ ಹಾಳೆಯ ತಟ್ಟೆ. ಒಂದರ ಹಿಂದೆ ಒಂದು, ಐದು ಬಾಣ ಹೋಗಿ ಆ ತಟ್ಟೆಯಲ್ಲಿ ಒಂದು ಮುಷ್ಟಿ ಜಾಗದಲ್ಲಿ ನೆಟ್ಟು ನಿಂತವು. ಹಮ್ಮ ಬಾಯಿ ತೆರೆದವನು ಮುಚ್ಚಲಿಲ್ಲ. ಅವನ ಬುಟ್ಟಿಯ ಬಂಗಡೆಯನ್ನು ಕಾಗೆ ಕಚ್ಚಿಕೊಂಡು ಹೋದದ್ದೂ ತಿಳಿಯಲಿಲ್ಲ. ನೇರ ಹೋಗಿ ಆ ಹುಡುಗಿಯ ಮುಂದೆ ನಿಂತು, “ನಂಗೆ ಕಲಿಸ್ತ್ರಾ?” ಎಂದ. ಅವತ್ತಿನಿಂದ ಆಕೆ ಮೇಡಂ.

ಮೇಡಂ ಅವನಿಗಾಗಿ ಬಿದಿರು ಆರಿಸಿ, ನೆರಳಲ್ಲಿ ಒಣಗಿಸಿ, ಕೆಂಡದ ಬಿಸಿಯಲ್ಲಿ ಬಗ್ಗಿಸಿ ಒಂದು ಬಿಲ್ಲು ಮಾಡಿಕೊಟ್ಟಿದ್ದರು. ಹಮ್ಮ ಅದಕ್ಕೆ ದಿನವೂ ಎಣ್ಣೆ ತಿಕ್ಕುತ್ತಿದ್ದ. “ನನ್ನ ತಲೆಗೆ ಒಂದು ದಿನ ಎಣ್ಣೆ ಹಚ್ಚಿದ ಜನ ಅಲ್ಲ” ಎಂದು ಹೆಂಡತಿ ಸುಕ್ರಿ ಆಡಿಕೊಳ್ಳುತ್ತಿದ್ದಳು.

ಮನೆಯ ಹಿಂದಿನ ಹಲಸಿನ ಮರಕ್ಕೆ ಅವನು ಒಂದು ಹುಲ್ಲಿನ ಮೂಟೆ ತೂಗಹಾಕಿದ್ದ. ಹುರಿಹಗ್ಗದಲ್ಲಿ ಬಿಗಿದ ಭತ್ತದ ಹುಲ್ಲು, ಎದುರಿಗೆ ಕೆಮ್ಮಣ್ಣಿನಿಂದ ಬರೆದ ಉರುಟು ಗುರುತು. ಮೂವತ್ತು ಹೆಜ್ಜೆ ಅಳೆದು ನಿಂತು ಹೊಡೆಯುವುದು. ಎಡಕ್ಕೆ ದುರ್ಗಕ್ಕನ ಮನೆ, ಬಲಕ್ಕೆ ವಿನೋದನ ಮನೆ. ಮೂರು ತಿಂಗಳಲ್ಲಿ ಮೂಟೆಯ ಅಂಚಿಗೆ ಬಾಣ ತಾಗಿದ್ದುಂಟು. ಕೆಮ್ಮಣ್ಣಿನ ಗುರುತಿನೊಳಗೆ ಒಂದೂ ಹೋಗಿರಲಿಲ್ಲ.

ಹರಿವೆಯನ್ನು ಅದರ ಪಾಡಿಗೆ ಬಿಟ್ಟು ಹಮ್ಮ ಬಿಲ್ಲು ಹಿಡಿದ. ಮೊದಲ ಬಾಣ ದುರ್ಗಕ್ಕನ ಹಂಚಿನ ಮಾಡಿಗೆ ತೂಗಿದ್ದ ಈರುಳ್ಳಿ ಗೊಂಚಲಿನ ದಾರವನ್ನೇ ಕಡಿಯಿತು. ಕುಮಟೆಯ ಸಿಹಿ ಈರುಳ್ಳಿ ಅಂಗಳದ ತುಂಬ ಗೋಲಿಯಂತೆ ಓಡಿತು.

“ಹಮ್ಮಾ, ಎಂತ ಮಾರಾಯಾ ಇದು?” ದುರ್ಗಕ್ಕ ಬಾಣ ಹಿಡಿದು ಹೊರಗೆ ಬಂದಳು.

“ಕೈ ಜಾರ್ತು ದುರ್ಗಕ್ಕ. ಬಾಣ ಕೊಡು.”

“ಕೊಡ್ತೆ. ಈರುಳ್ಳಿ ಎಲ್ಲ ಹೆಕ್ಕಿ, ಮುಂಚೆ ಹ್ಯಾಂಗಿತ್ತೋ ಹಾಂಗೆ ಹೆಣೆದು ಕಟ್ಟು. ಆಮೇಲೆ ಕೊಡ್ತೆ.”

“ಬಾಣ ಹೋಗು ದಾರೀಲಿ ಈರುಳ್ಳಿ ಕಟ್ಟೂಕೆ ನಿಂಗೆ ಯಾರು ಹೇಳಿದ್ರು?” ಹಮ್ಮನ ದನಿ ಏರಿತು.

ದುರ್ಗಕ್ಕ ಬಾಣವನ್ನು ಹಂಚಿನ ಸಂದಿಗೆ ಸಿಕ್ಕಿಸಿ ಒಳಗೆ ಹೋದಳು.

ಸಿಟ್ಟಿನಲ್ಲಿ ಬಿಲ್ಲು ಎಳೆಯಬಾರದು ಎಂದು ಮೇಡಂ ನೂರು ಸಲ ಹೇಳಿದ್ದರು. ಹಮ್ಮ ನೂರೊಂದನೇ ಸಲ ಎಳೆದ. ಎರಡನೇ ಬಾಣ ಬಲಕ್ಕೆ ಹಾರಿ, ವಿನೋದ ಒಣಹಾಕಿದ್ದ ಲುಂಗಿಯನ್ನು ತೆಂಗಿನ ಮರಕ್ಕೆ ಸೇರಿಸಿ ಮೊಳೆ ಹೊಡೆದಂತೆ ನಿಂತಿತು. ವಿನೋದ ಸೊಸೈಟಿಯಲ್ಲಿ ಕಾರಕೂನ. ಅವನಿಗೆ ಸಿಟ್ಟೇ ಬರುವುದಿಲ್ಲ. ಹಮ್ಮನಿಗೆ ಅವನ ಮೇಲೆ ಸಿಟ್ಟು ಬರುವುದೂ ಅದಕ್ಕೇ.

“ಕೀಳೂದು ಬೇಡ ಹಮ್ಮಣ್ಣ, ಲುಂಗಿ ಹರೀತದೆ” ಎಂದು ವಿನೋದ ನಕ್ಕ. “ಹಾಂಗೇ ಇರ್ಲಿ. ಸಂಜಿಗೆ ಮೇಡಂ ಬಂದು ಒಂಚೂರು ನೋಡ್ಲಿ.”

ಮೂರನೆಯದು ಹಲಸಿನ ಮರದ ತುದಿಯ ಕಾಯಿಗೆ ನಾಟಿ ಮೇಣದಲ್ಲಿ ಅಂಟಿಕೊಂಡಿತು. ನಾಲ್ಕನೆಯದನ್ನು ಎಳೆದು ಹಿಡಿದಾಗ ಹಿಂದಿನಿಂದ ಸುಕ್ರಿ, “ಊಟಕ್ಕೆ ಬರ್ತ್ರಾ ಇಲ್ವಾ?” ಎಂದಳು. ಹಮ್ಮ ಬಿಲ್ಲು ಸಮೇತ ತಿರುಗಿದ. ಬಾಣ ಅಡುಗೆಮನೆಯ ಕಿಟಕಿಯಲ್ಲಿ ನುಗ್ಗಿ, ಒಣಮೀನಿನ ಬುಟ್ಟಿಗೆ ಹೋಗಿ ಕೂತಿತು.

ಸುಕ್ರಿ ಒಳಗೆ ಹೋಗಿ ಮೀನಿನ ಬುಟ್ಟಿಯಿಂದ ಬಾಣ ಕಿತ್ತಳು. ಆಮೇಲೆ, “ಊಟಕ್ಕೆ ಕರದ್ರೆ ಬಾಣ ಬಿಡೂ ಗಂಡನ್ನ ನಾ ಇಲ್ಲೇ ನೋಡಿದ್ದು” ಎಂದು ಆ ಬಾಣವನ್ನು ಅಕ್ಕಿ ಡಬ್ಬಿಯ ಹಿಂದೆ ಹಾಕಿ, ಡಬ್ಬಿಯ ಮೇಲೆ ಕೂತುಬಿಟ್ಟಳು. ಹಮ್ಮ ಎಷ್ಟು ಗೋಗರೆದರೂ ಏಳಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಮೇಡಂ ಸ್ಕೂಟಿ ಬಂತು. ದುರ್ಗಕ್ಕ, ವಿನೋದ ಬೇಲಿಗೆ ಬಂದು ನಿಂತರು.

“ಒಂದೇ ಬಾಣ ಉಂಟಲ್ಲ ಹಮ್ಮಣ್ಣ. ಉಳಿದದ್ದು?”

ಹಮ್ಮ ಹಲಸಿನ ಮರದ ತುದಿ ನೋಡಿದ.

“ಒಂದು ನನ್ನ ಮಾಡಿನಲ್ಲಿ ಅದೆ” ಎಂದಳು ದುರ್ಗಕ್ಕ. “ನನ್ನ ಲುಂಗೀಲಿ ಒಂದು” ಎಂದ ವಿನೋದ. ಒಳಗಿನಿಂದ ಸುಕ್ರಿ, “ಇನ್ನೊಂದರ ಮೇಲೆ ನಾ ಕೂತಿದ್ದೆ” ಎಂದಳು.

ಮೇಡಂ ನಗಲಿಲ್ಲ. “ಆತು. ಒಂದೇ ಸಾಕು. ಇದು ಗುರುತಿನೊಳಗೆ ಬಿದ್ರೆ ಜಾಗ ನಿಮ್ದೇ. ನಾನು ಬಾಣ ನೋಡೂದಿಲ್ಲ, ಬಿಡುವವರನ್ನ ನೋಡ್ತೇನೆ. ಉಸಿರು ಹಿಡೀಬೇಡಿ” ಎಂದು ಅವನ ಬದಿಗೆ ಬಂದು ನಿಂತರು.

ಹಮ್ಮ ಬಿಲ್ಲು ಎತ್ತಿದ. ಬೆಳಗಿನಿಂದ ಸಿಟ್ಟು ಮಾಡಿ ಮಾಡಿ ಅವನಲ್ಲಿ ಸಿಟ್ಟೇ ಉಳಿದಿರಲಿಲ್ಲ. ಹೆದೆ ಎಳೆದ. ಭುಜವಲ್ಲ, ಬೆನ್ನು ಎಳೆಯಬೇಕು ಎಂದು ಮೇಡಂ ಹೇಳುತ್ತಿದ್ದುದು ಏನೆಂದು ಅವನಿಗೆ ಆಗ ಗೊತ್ತಾಯಿತು. ಬೆನ್ನಿನ ಎರಡು ಬದಿ ಬಾಗಿಲಿನ ಹಾಗೆ ಸದ್ದಿಲ್ಲದೆ ಮುಚ್ಚಿಕೊಂಡವು. ದುರ್ಗಕ್ಕನ ಕೆಮ್ಮು ಕೇಳಲಿಲ್ಲ, ಹೆದ್ದಾರಿಯ ಲಾರಿ ಕೇಳಲಿಲ್ಲ. ಕೆಮ್ಮಣ್ಣಿನ ಗುರುತು ದೊಡ್ಡದಾಗುತ್ತ ಬಂದು ಜಾಗಟೆಯಷ್ಟಾಯಿತು. ಬಾಣವನ್ನು ಅವನು ಬಿಡಲಿಲ್ಲ, ಅದು ತಾನಾಗೇ ಹೊರಟುಹೋಯಿತು.

ಮೂಟೆ ಒಮ್ಮೆ ಸಣ್ಣಗೆ ಅಲ್ಲಾಡಿತು, ಗಾಳಿಗೋ ಏನೋ. ಅದರಲ್ಲಿ ಬಾಣವಿರಲಿಲ್ಲ.

“ಜಟಕಾ, ಸ್ವಾಮಿ” ಎಂದು ದುರ್ಗಕ್ಕ ಕೈ ಮುಗಿದಳು.

ಹಲಸಿನ ಮರದಾಚೆ ಇನ್ನೊಂದು ಮೂವತ್ತು ಹೆಜ್ಜೆಗೆ, ಗದ್ದೆಯ ಅಂಚಿನ ಸುರಗಿ ಮರದ ಬುಡದಲ್ಲಿ ಆ ಮೂರೂ ಮನೆ ನಡೆದುಕೊಳ್ಳುವ ಜಟಕ ದೇವರ ಕಲ್ಲು. ಬಾಣ ಹೋಗಿ ಅದರ ಮುಂದಿನ ಮಣ್ಣಿನ ಕಟ್ಟೆಯಲ್ಲಿ ನೆಟ್ಟಗೆ ನಿಂತಿತ್ತು. ಕಲ್ಲಿಗೂ ಬಾಣಕ್ಕೂ ಒಂದೇ ಗೇಣು. ಬಾಲದ ಗರಿ ಇನ್ನೂ ನಡುಗುತ್ತಿತ್ತು.

ಎಲ್ಲರೂ ಚಪ್ಪಲಿ ಬಿಟ್ಟು ಹೋಗಿ ನಿಂತರು. ಸುಕ್ರಿ ಕೂಡ ಡಬ್ಬಿ ಬಿಟ್ಟು ಬಂದಿದ್ದಳು. ಮೇಡಂ ತಿರುಗಿ ಮೂಟೆಯನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದರು, “ಹಮ್ಮಣ್ಣ, ನೀವು ಬಿಟ್ಟ ರೀತಿ ನೋಡಿ ನನ್ನ ಮೈ ಜುಂ ಅಂತು. ಮೂಟೆ ಕೆಳಗಿನ ಸಂದಿಯಲ್ಲಿ ಹಾಯಿಸಿ, ಅರವತ್ತು ಹೆಜ್ಜೆಗೆ, ಕಲ್ಲಿಗೆ ತಾಗದ ಹಾಗೆ. ನನ್ನ ಕೈಯಲ್ಲೂ ಆಗೂದಿಲ್ಲ. ಬೇಕಂತಲೇ ಇಲ್ಲಿಗೆ ಹೊಡೆದ್ರಾ? ಹೌದಾದ್ರೆ ಗುರುತಿಗಿಂತ ಇದು ದೊಡ್ಡದು. ನಾಳೆ ನೀವೇ.”

“ತಡಿ ಮಗಾ” ಎಂದು ದುರ್ಗಕ್ಕ ಮೇಡಂ ಮಾತಿಗೆ ಅಡ್ಡ ಬಂದಳು. “ಬೇಕಂತ ಹೊಡದ್ರೆ ಅದು ಹರಕೆ ಆತು. ಬಾಣದ ಸಂಗಡ ಬಿಲ್ಲನ್ನೂ ಇಲ್ಲೇ ಬಿಡ್ಬೇಕು. ನಮ್ಮ ಮಾವ ಹಾಂಗೇ ಕೋವಿ ಬಿಟ್ಟಿದ್ರು. ಅದನ್ನ ಆಮೇಲೆ ಪೊಲೀಸ್ರು ತಗಂಡು ಹೋದ್ರು, ಆ ಮಾತು ಬೇರೆ. ಕೈ ತಪ್ಪಿ ಬಿತ್ತು ಅಂದ್ರೆ ಒಂದು ಕಾಯಿ ಒಡೆದ್ರೆ ಸಾಕು.”

“ಬಿಲ್ಲು ಬಿಟ್ರೂ ಅಡ್ಡಿಲ್ಲ. ನಾಳೆಗೆ ನಂದೇ ಬಿಲ್ಲು ಕೊಡ್ತೇನೆ” ಎಂದರು ಮೇಡಂ.

ಮೇಡಂ ಬಿಲ್ಲು. ಕಡಲಬದಿಯಲ್ಲಿ ಕಂಡ ಅದೇ ಬಿಲ್ಲು. ಒಂದು ಹೂಂ ಎಂದರೆ ಸಾಕಿತ್ತು. ಹಮ್ಮ ಬಾಯಿ ತೆರೆದ. ಎದುರಿಗೆ ಜಟಕನ ಕಲ್ಲು ಎಣ್ಣೆ ಹೊಳಪಿನಲ್ಲಿ ಅವನನ್ನೇ ನೋಡುತ್ತಿರುವಂತೆ ಇತ್ತು. ಅವನು ಗುರಿಯಿಟ್ಟದ್ದು ಮೂಟೆಗೆ, ಅದು ಅವನಿಗೆ ಗೊತ್ತು, ಜಟಕನಿಗೂ ಗೊತ್ತು.

“ಇಲ್ಲ ಮೇಡಂ” ಎಂದ. “ನಾ ಹೊಡದದ್ದು ಗುರುತಿಗೇ. ತಪ್ಪೋತು.”

ಮೇಡಂ ನಿಟ್ಟುಸಿರು ಬಿಟ್ಟು ಅವನ ತೋಳು ಮುಟ್ಟಿದರು. “ವಿನೋದ, ಬೆಳಿಗ್ಗೆ ಏಳಕ್ಕೆ ಬಸ್‌ಸ್ಟ್ಯಾಂಡಿಗೆ ಬಾ.”

ಹಮ್ಮ ಕಾಯಿ ಒಡೆದ. ಮೇಡಂ ಹೋದರು. ವಿನೋದ ಇನ್ನೊಂದು ಲುಂಗಿ ಉಟ್ಟು ಬಟ್ಟೆ ಇಸ್ತ್ರಿ ಮಾಡಲು ಹೋದ. ಹೊತ್ತು ಕಂತುವಾಗ ಹಮ್ಮ ಬಾಡಿದ ಮುಖದಲ್ಲಿ ಮೂಟೆ ಬಿಚ್ಚಲು ಹೋದ. ಹಗ್ಗಕ್ಕೆ ಕೈ ಹಾಕಿದವನ ಕೈ ಅಲ್ಲೇ ನಿಂತಿತು.

ಕೆಮ್ಮಣ್ಣಿನ ಗುರುತಿನ ನಟ್ಟನಡುವೆ ಒಂದು ತೂತು. ಅದರ ಬಾಯಲ್ಲಿ ಬಾಣದ ಗರಿಯ ಒಂದು ಬಿಳಿ ಎಳೆ ಸಿಕ್ಕಿಕೊಂಡಿತ್ತು. ಬಗ್ಗಿ ಕಣ್ಣಿಟ್ಟು ನೋಡಿದ. ತೂತಿನ ಆಚೆ, ನೂಲು ಹಿಡಿದಂತೆ ನೇರಕ್ಕೆ, ದುರ್ಗಕ್ಕ ಹಚ್ಚಿಟ್ಟ ದೀಪದ ಬೆಳಕಿನಲ್ಲಿ ಜಟಕನ ಕಲ್ಲು. ಹಮ್ಮನಿಗೆ ಮೈಯೆಲ್ಲ ಮುಳ್ಳೆದ್ದಿತು. ಹಿಂದೆ ಹೋಗಿ ನೋಡಿದರೆ ಮೂಟೆ ಗಡಿಗೆಯಂತೆ ಟೊಳ್ಳು.

“ಸುಕ್ರೀ, ಇದರ ಹೊಟ್ಟೆ ಹುಲ್ಲು ಎಲ್ಲಿ?”

“ಮಧ್ಯಾಹ್ನ ನೀವು ಉಂಡು ಒರಗಿದಾಗ ಕರುವಿಗೆ ನಾನೇ ಹಿರಿದು ಹಾಕಿದ್ದೆ” ಎಂದಳು ಅವಳು ಕೊಟ್ಟಿಗೆಯಿಂದ. “ಕೇಳಿದ್ರೆ ನೀವು ಕೂಗಾಡ್ತ್ರಿ ಅಂತ ಮುಂದಿನ ಬದಿ ಮುಟ್ಲಿಲ್ಲ.”

ಹಮ್ಮ ಒಳಗೆ ಓಡಿ ಫೋನು ಹುಡುಕಿ ಮೇಡಂಗೆ ಹಚ್ಚಿದ. ಮಾತು ತೊದಲುತ್ತಿತ್ತು. “ಮೇಡಂ, ತಪ್ಪಲಿಲ್ಲ. ನಡುವಿಗೇ ಬಿದ್ದದ್ದು, ತೂರಿ ಹೋಗ್ಯದೆ. ತೂತು ಅದೆ.”

“ನಿಜವಾ ಹಮ್ಮಣ್ಣ? ಹಾಗಾದ್ರೆ ಜಾಗ ನಿಮ್ದೇ. ತಂಡದ ಉಳಿದವರಿಗೆ ತೋರ್ಸೂಕೆ ಬೇಕು. ಬೇಗ ಒಂದು ಫೋಟೋ ಕಳ್ಸಿ.”

ಹಮ್ಮ ಫೋನು ಎತ್ತಿ ಹಿಡಿದೇ ಹಿತ್ತಿಲಿಗೆ ಓಡಿದ. ಹಾಲು ಕರೆಯಲೆಂದು ಸುಕ್ರಿ ಬಿಚ್ಚಿದ್ದ ಕರು ಮೂಟೆಯ ಮುಂದೆ ನಿಂತಿತ್ತು. ಮಧ್ಯಾಹ್ನದ ರುಚಿಯನ್ನು ಅದು ಮರೆತಿರಲಿಲ್ಲ. ಗುರುತು, ತೂತು, ಗರಿ ಯಾವುದೂ ಉಳಿದಿರಲಿಲ್ಲ. ಕೆಮ್ಮಣ್ಣು ಮೆತ್ತಿದ ಮೂತಿಯಿಂದ ಕೊನೆಯ ನಾಲ್ಕು ಹುಲ್ಲೆಳೆ ಜೋತಾಡುತ್ತಿದ್ದವು. ಹಮ್ಮ ಅದರದ್ದೇ ಫೋಟೋ ಒತ್ತಿದ, ಅದನ್ನೇ ಕಳಿಸಿದ.

ತುಸು ಹೊತ್ತಿಗೆ ಫೋನು ಟಿಣ್ ಎಂದಿತು. ಮೇಡಂ ಬರೆದಿದ್ದರು: “ಕರು ಚೆಂದ ಅದೆ ಹಮ್ಮಣ್ಣ. ಬೇಜಾರು ಮಾಡ್ಕೊಬೇಡಿ, ಮುಂದಿನ ವರ್ಷ ನೋಡುವ.”