ನನ್ನ ಬುಟ್ಟಿಯ ಮೇಲೊಂದು ಸಂಶೋಧನೆ

ಮಕ್ಕಳ ಮೇಲೆ ಸಿಟ್ಟು ಮಾಡಬಾರದು ಎನ್ನುವವರು ಮಕ್ಕಳ ಕೈಗೆ ಫೈಲು ಬಂದದ್ದನ್ನು ನೋಡಿದವರಲ್ಲ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಆಗ ಮಾಸ್ಟ್ರು ಮಗ್ಗಿ ಹೇಳಿಸುತ್ತಿದ್ದರು, ತಪ್ಪಿದರೆ ಬೆತ್ತದಲ್ಲಿ ಕೊಡುತ್ತಿದ್ದರು, ಶನಿವಾರ ಅಂಗಳದ ಹುಲ್ಲು ಕೀಳಿಸುತ್ತಿದ್ದರು. ಸಮಾಜದ ತಂಟೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಈಗ ಹೈಸ್ಕೂಲಿನ ಮಕ್ಕಳು ಸಮಾಜದಲ್ಲಿ ಎಲ್ಲಿ ಏನು ಸಮಸ್ಯೆ ಉಂಟು ಎಂದು ತಾವೇ ಹುಡುಕಿ, ಅದಕ್ಕೆ ಪರಿಹಾರವನ್ನೂ ಬರೆದು ತರಬೇಕಂತೆ. ಸ್ವತಂತ್ರ ಸಂಶೋಧನೆ ಎಂದು ಅದಕ್ಕೆ ಹೆಸರು. ಹುಡುಕಲಿ, ನಾನು ಬೇಡ ಎನ್ನುವುದಿಲ್ಲ. ಹೊಂಡ ಬಿದ್ದ ರಸ್ತೆ ಉಂಟು, ಕುಡಿದು ಬಿದ್ದ ಗಂಡಸರುಂಟು, ನೀರೇ ಬಾರದ ನಲ್ಲಿ ಮನೆಮನೆಗೂ ಉಂಟು. ಅಷ್ಟನ್ನೂ ದಾಟಿಕೊಂಡು ಬಂದು ಬೆಳ್ಮಣ್ಣಿನ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಹುಡುಕಿ ತೆಗೆದ ಸಮಸ್ಯೆ, ನನ್ನ ಮೀನಿನ ಬುಟ್ಟಿ.

ನಾನು ಕಾಪುವಿನವಳು. ಬೆಳಿಗ್ಗೆ ದೋಣಿಯವರಿಂದ ಮೀನು ತೆಗೆದುಕೊಂಡು, ಬುಟ್ಟಿ ಹೊತ್ತು ಪೇಟೆಗೆ ಬಂದು, ಬೆಳ್ಮಣ್ ಕಡೆಯ ಬಸ್ಸು ಹತ್ತುತ್ತೇನೆ. ಅಲ್ಲಿ ನನಗೆ ಖಾಯಂ ಮನೆಗಳುಂಟು. ಯಾರಿಗೆ ಬಂಗುಡೆ, ಯಾರಿಗೆ ಬೂತಾಯಿ, ಯಾರ ಮನೆಗೆ ಅಳಿಯ ಬಂದಾಗ ಮಾತ್ರ ದುಬಾರಿಯ ಕಾಣೆ ಮೀನು, ಎಲ್ಲ ನನ್ನ ತಲೆಯಲ್ಲೇ ಉಂಟು. ಮದುವೆಯಾಗಿ ಎರಡನೇ ವರ್ಷದಿಂದ ಇದೇ ಕೆಲಸ. ಗಂಡ ಸತ್ತ ಮೇಲೂ ಇದೇ, ಮೊಣಕಾಲು ಹೋದ ಮೇಲೂ ಇದೇ. ಆ ಹೊತ್ತಿಗೆ ಆ ದಾರಿಯಲ್ಲಿ ಇರುವುದು ಒಂದೇ ಬಸ್ಸು. ಅದು ತಪ್ಪಿದರೆ ಮತ್ತಿನದ್ದು ಬೆಳ್ಮಣ್ ಮುಟ್ಟುವಾಗ ಎಲ್ಲರ ಮನೆಯಲ್ಲೂ ತರಕಾರಿ ಸಾರು ಕುದಿದು ಆಗಿರುತ್ತದೆ. ರಿಕ್ಷಾ ಮಾಡಿದರೆ ಇಡೀ ದಿನ ರಿಕ್ಷಾದವನಿಗಾಗಿ ದುಡಿದ ಹಾಗೆ.

ಒಂದು ಸೋಮವಾರ ಬಸ್ಸು ಬಂದು ನಿಂತಿತು. ಯಾವಾಗಲೂ ಬುಟ್ಟಿ ಎತ್ತಲು ಕೈ ಹಾಕುವ ಕಂಡಕ್ಟರ್ ಸುಧಾಕರ ಅವತ್ತು ಬಾಗಿಲಿಗೆ ಅಡ್ಡ ನಿಂತ.

"ಅಕ್ಕ, ಇವತ್ತಿಂದ ಬುಟ್ಟಿ ಹತ್ತಿಸ್ಲಿಕ್ಕೆ ಇಲ್ಲ."

"ಬುಟ್ಟಿ ಬಿಟ್ಟು ನಾನೊಬ್ಬಳು ಹೋಗಿ ಎಂತ ಮಾಡುವುದು ಮಾರಾಯ? ಬೆಳ್ಮಣ್ಣಿನವರು ನನ್ನನ್ನು ಸಾರು ಮಾಡ್ತಾರಾ?"

"ನನಗೆ ಬೈದು ಪ್ರಯೋಜನ ಇಲ್ಲ. ಓನರು ಹೇಳಿದ್ದು. ಶಾಲೆಯ ಮಕ್ಕಳು ಸರ್ವೆ ಮಾಡಿದ್ದಾರಂತೆ. ಬಸ್ಸಿನಲ್ಲಿ ಮೀನಿನ ಬುಟ್ಟಿ ಪಬ್ಲಿಕ್ಕಿಗೆ ಬೇಡವಂತೆ."

"ಪಬ್ಲಿಕ್ ಅಂದ್ರೆ ಯಾರು?"

"ನೀವೆಲ್ಲ," ಎಂದು ಹೇಳಿ ಅವನು ಸೀಟಿ ಊದಿದ.

ನಡೆದದ್ದು ಇಷ್ಟು. ಶಾಲೆಯ ಯಾವುದೋ ಕಾರ್ಯಕ್ರಮಕ್ಕೆ ಬಸ್ಸಿನ ಮಾಲಕರನ್ನು ಅತಿಥಿಯಾಗಿ ಕರೆದಿದ್ದರು. ಈ ಹುಡುಗಿಯ ಸಂಶೋಧನೆಗೆ ಮೊದಲ ಬಹುಮಾನ ಬಂತು. ಬಹುಮಾನ ಕೊಟ್ಟ ಮಾಲಕರು, ಮಕ್ಕಳ ಸಲಹೆಯನ್ನು ನಾಡಿದ್ದಿನಿಂದಲೇ ಜಾರಿಗೆ ತರುತ್ತೇನೆ ಎಂದು ಮೈಕಿನಲ್ಲೇ ಹೇಳಿಬಿಟ್ಟರು. ಚಪ್ಪಾಳೆ ಬಿತ್ತು. ಆ ಬಸ್ಸಿನ ಸೀಟಿನ ಮೊಳೆಗೆ ಸಿಕ್ಕಿ ಹೆಂಗಸರ ಸೀರೆ ಹರಿಯಲು ಶುರುವಾಗಿ ಎಷ್ಟೋ ಕಾಲವಾಯಿತು. ಅದನ್ನು ಸರಿ ಮಾಡಲು ರಿಪೇರಿಯವನಿಗೆ ಕೊಡಬೇಕು. ಬುಟ್ಟಿ ಇಳಿಸಲು ಯಾರಿಗೂ ಏನೂ ಕೊಡಬೇಕಾಗಿಲ್ಲ. ಚಪ್ಪಾಳೆ ಮಾತ್ರ ಎರಡಕ್ಕೂ ಒಂದೇ.

ನಾಲ್ಕು ದಿನ ನಾನು ಕಾಪು ಪೇಟೆಯಲ್ಲೇ ಕೂತೆ. ಅಲ್ಲಿ ಮೊದಲಿನಿಂದ ಕೂರುವ ಹೆಂಗಸರು ನನ್ನನ್ನು ಚರಂಡಿಯ ಪಕ್ಕಕ್ಕೆ ತಳ್ಳಿದರು. ಅವರದ್ದು ತಪ್ಪಲ್ಲ, ಅವರ ಜಾಗಕ್ಕೆ ನಾನು ಹೋದದ್ದು. ಬುಟ್ಟಿಯಲ್ಲಿ ಅರ್ಧದಷ್ಟು ಉಳಿಯಿತು, ಬೆಕ್ಕುಗಳು ಮಾತ್ರ ನನ್ನನ್ನು ಮರ್ಯಾದೆಯಿಂದ ಕಂಡವು. ಅಷ್ಟರಲ್ಲಿ ಬೆಳ್ಮಣ್ಣಿನಲ್ಲಿ ಟೆಂಪೋದವನೊಬ್ಬ ಮೈಕು ಕಟ್ಟಿಕೊಂಡು ನನ್ನ ಮನೆಗಳಿಗೆ ಮೀನು ಹಾಕಲು ಶುರುಮಾಡಿದ ಸುದ್ದಿ ಬಂತು. ಇನ್ನೊಂದು ವಾರ ಹೀಗೇ ಹೋದರೆ ನನ್ನ ಮನೆಗಳು ಅವನವಾಗುತ್ತವೆ. ಅಡುಗೆಮನೆಯ ಬಾಗಿಲು ಬೇಗ ಅಭ್ಯಾಸ ಬದಲಿಸುತ್ತದೆ.

ಐದನೇ ದಿನ, ಶಾಲೆಗೆ ರಜೆ ಇದ್ದದ್ದು ನೋಡಿಕೊಂಡು, ಬರಿಗೈಯಲ್ಲಿ ಬಸ್ಸು ಹತ್ತಿದೆ. ತೊಡೆಯ ಹತ್ತಿರ ಬುಟ್ಟಿ ಇಲ್ಲದೆ ಆ ಬಸ್ಸಿನಲ್ಲಿ ಕೈಯನ್ನು ಎಲ್ಲಿ ಇಡಬೇಕೆಂದೇ ಗೊತ್ತಾಗಲಿಲ್ಲ. ಬೆಳ್ಮಣ್ಣಿನಲ್ಲಿ ಇಳಿದು ನೇರ ಹುಡುಗಿಯ ಮನೆಗೆ ಹೋದೆ. ಅದು ಸುಮತಿಯಕ್ಕನ ಮನೆ, ನನ್ನ ಖಾಯಂ ಮನೆಗಳಲ್ಲಿ ಒಂದು. ಹುಡುಗಿ ಅವಳ ಮಗಳು ಪ್ರತೀಕ್ಷಾ. ಹಲ್ಲು ಬರುವ ಮೊದಲೇ ನನ್ನ ನಂಗು ಮೀನಿನ ಸಾರು ನೆಕ್ಕಿದ ಮಗು ಅದು.

ಸುಮತಿಯಕ್ಕ ನನ್ನ ಮುಖ ನೋಡುವ ಮೊದಲು ಕೈ ನೋಡಿದಳು. "ಎಂತ ಜಲಜಕ್ಕ, ಪತ್ತೆಯೇ ಇಲ್ಲ? ಆ ಮೈಕಿನವನ ಬೂತಾಯಿ ತಂದು ಮಾಡಿದೆ. ಐಸಿನದ್ದು. ಬಾಯಿಗೆ ಇಡ್ಲಿಕ್ಕೆ ಆಗ್ಲಿಲ್ಲ."

"ಮಗಳ ಹತ್ರ ಕೇಳಿ. ಅವಳಿಗೆ ಗೊತ್ತುಂಟು."

ಪ್ರತೀಕ್ಷಾ ಓಡಿಬಂದಳು. ಮುಖದಲ್ಲಿ ಸ್ವಲ್ಪವೂ ಹೆದರಿಕೆ ಇಲ್ಲ. ನಾನು ಬಹುಮಾನ ನೋಡಲು ಬಂದದ್ದೆಂದು ತಿಳಿದು ಫೈಲನ್ನೇ ತಂದು ನನ್ನ ಮಡಿಲಿಗೆ ಇಟ್ಟಳು. "ಅಜ್ಜಿ, ನಿಮ್ಮ ಬುಟ್ಟಿಯ ಫೋಟೋ ಕೂಡ ಹಾಕಿದ್ದೇನೆ." ಹೌದು, ನನ್ನ ಮುಖ ಇರಲಿಲ್ಲ, ಬುಟ್ಟಿ ಮಾತ್ರ ಇತ್ತು. ಕೆಳಗೆ ದಪ್ಪ ಅಕ್ಷರ. ಕೂಡಿಸಿ ಕೂಡಿಸಿ ಓದಿದೆ: ಸಮಸ್ಯೆಯ ಮೂಲ.

"ಈ ಸಮಸ್ಯೆಯ ಮೂಲದಿಂದ ತಿಂದೇ ನೀನು ಇಷ್ಟುದ್ದ ಆದದ್ದು. ಅದನ್ನು ಯಾವ ಪುಟದಲ್ಲಿ ಬರ್ದಿದ್ದಿ?"

"ಅದು ಪರ್ಸನಲ್ ಅಲ್ವಾ ಅಜ್ಜಿ? ಸಂಶೋಧನೆಯಲ್ಲಿ ಪರ್ಸನಲ್ ಬರ್ಲಿಕ್ಕಿಲ್ಲ ಅಂತ ಟೀಚರ್ ಹೇಳಿದ್ದಾರೆ."

"ಬುಟ್ಟಿ ಬೇಡ ಅಂತ ಹೇಳಿದ್ದು ಯಾರು?"

"ತುಂಬ ಜನ. ಎಲ್ಲರೂ ಓದಿಯೇ ಸಹಿ ಹಾಕಿದ್ದು." ಹೀಗೆನ್ನುವಾಗ ಅವಳ ಕಣ್ಣು ಮಿಟುಕಲಿಲ್ಲ. ಕೊನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದಳು. "ನೋಡಿ, ಹದಿನೇಳನೆಯದ್ದು ನಿಮ್ಮದೇ."

ಜಲಜ. ನನ್ನದೇ ಕೈಬರಹ, ಇನ್ನು ಇಲ್ಲ ಎನ್ನುವುದು ಹೇಗೆ? ಸಹಿಯ ವಿಷಯದಲ್ಲಿ ನನ್ನದೊಂದು ದೌರ್ಬಲ್ಯ ಉಂಟು, ಹೇಳಿಬಿಡುತ್ತೇನೆ. ನನ್ನ ಹೆಸರು ಬರೆಯಲು ಎರಡು ಅಕ್ಷರ ಗೊತ್ತಿದ್ದರೆ ಸಾಕು, ಮೂರನೆಯದ್ದು ಮೊದಲಿನದ್ದೇ. ನನ್ನ ಅಪ್ಪ ಶಾಲೆಯ ಖರ್ಚು ಆಲೋಚಿಸಿಯೇ ಈ ಹೆಸರು ಇಟ್ಟಿರಬೇಕು. ನನ್ನ ಜೊತೆಯ ಹೆಂಗಸರೆಲ್ಲ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ನಾನು ಪೆನ್ನು ಕೇಳುತ್ತೇನೆ. ಎಲ್ಲಿ ಕಾಗದ ಚಾಚಿದರೂ ಹಾಕುತ್ತೇನೆ, ಕೆಳಗೆ ಒಂದು ಗೆರೆಯನ್ನೂ ಎಳೆಯುತ್ತೇನೆ. ಈ ಹುಡುಗಿ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಖಾಲಿ ಬುಟ್ಟಿಯ ಪಕ್ಕ ಕೂತಿದ್ದ ನನ್ನ ಹತ್ತಿರ ಬಂದು, "ಅಜ್ಜಿ, ಬಸ್ಸಿನಲ್ಲಿ ವಾಸನೆಯಿಂದ ತೊಂದರೆ ಆಗ್ತದಾ?" ಎಂದು ಕೇಳಿದ್ದಳು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಮೀನಿನ ರೇಟು ಬಿಟ್ಟು ಬೇರೆ ಯಾವುದನ್ನೂ ಯಾರೂ ಕೇಳಿದ್ದಿಲ್ಲ. ನಾನು ಉಬ್ಬಿಹೋದೆ. ನಿಟ್ಟೆಯ ಕಾಲೇಜಿನ ಹುಡುಗರು ಮೈಗೆ ಹೊಡೆದುಕೊಂಡು ಬರುವ ಸೆಂಟಿನ ಬಗ್ಗೆ, ತಿರುವಿನಲ್ಲಿ ಕಿಟಕಿಯ ಹೊರಗೆ ವಾಂತಿ ಮಾಡುವವರ ಬಗ್ಗೆ, ಗಾಳಿ ಯಾವ ಕಡೆಗೆ ಬೀಸುತ್ತದೆ ಎನ್ನುವುದರ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅವಳು 'ಹೌದು' ಎಂಬಲ್ಲಿ ಒಂದು ಗುರುತು ಹಾಕಿದಳು. ಆಮೇಲೆ ಸಹಿ ಕೇಳಿದಳು. ಏನು ಬರೆದಿದೆ ಎಂದು ನಾನು ಕೇಳಲಿಲ್ಲ, ಸರಾಗ ಓದಲು ಬರುವವಳ ಹಾಗೆ ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸಿ ಹಾಕಿಬಿಟ್ಟೆ.

ತಪ್ಪು ನನ್ನದೂ ಎಂದು ಗೊತ್ತಾದ ಮೇಲೆ ಸಿಟ್ಟು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದ್ದೋ. ಇನ್ನೂ ಹೆಚ್ಚಾಗುತ್ತದೆ, ಬೈಯಲು ಇನ್ನೊಬ್ಬಳು ಸಿಕ್ಕಿದಳಲ್ಲ. "ಓನರ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳು" ಎಂದೆ.

"ಪ್ರಾಜೆಕ್ಟ್ ಸಬ್ಮಿಟ್ ಆಯ್ತು ಅಜ್ಜಿ. ಇನ್ನು ಬದಲು ಮಾಡ್ಲಿಕ್ಕೆ ಆಗುದಿಲ್ಲ."

"ನಿನ್ನ ಪ್ರಾಜೆಕ್ಟ್ ಅಲ್ಲ ಮಾರಾಯ್ತಿ, ನನ್ನ ಗಂಜಿ ಅದು."

ಅವಳ ಮುಖ ಆಗ ಮಾತ್ರ ಸ್ವಲ್ಪ ಸಣ್ಣದಾಯಿತು. ಸುಮತಿಯಕ್ಕ ಮಗಳ ತಲೆಗೆ ಒಂದು ಮೊಟಕಿದಳು. ಮೊಟಕಿದರೆ ಬಸ್ಸಿನ ಬಾಗಿಲು ತೆರೆಯುತ್ತದೆಯೇ? "ಹೋಗಲಿ, ನಿನ್ನ ಹತ್ರ ಖಾಲಿ ಹಾಳೆ ಉಂಟಲ್ವಾ? ಎರಡು ಕೊಡು," ಎಂದೆ. ಪೆನ್ನೂ ಅವಳದ್ದೇ.

ಮೊದಲ ಸಹಿ ಸುಮತಿಯಕ್ಕನದ್ದು. ಒಲೆಯ ಮೇಲೆ ಅನ್ನ ಇತ್ತು, ಆದ್ದರಿಂದ ನಿಂತಲ್ಲೇ ಹಾಕಿ ಒಳಗೆ ಓಡಿದಳು. ಎರಡನೆಯದ್ದು ಪ್ರತೀಕ್ಷಾಳದ್ದು, ಇಂಗ್ಲಿಷಿನಲ್ಲಿ. ಅಲ್ಲಿಂದ ಮನೆ ಮನೆ ಹತ್ತಿ ಇಳಿದೆ. ಮೇಲೆ ಏನು ಬರೆಯುವುದೆಂದು ನಾನು ಇನ್ನೂ ಆಲೋಚಿಸಿರಲಿಲ್ಲ, ಬರೆಯಲು ನನಗೆ ತುಂಬ ಹೊತ್ತು ಬೇಕು. ಯಾರೂ ಕೇಳಲಿಲ್ಲ. ಜಲಜಕ್ಕ ಬಂದಿದ್ದಾಳೆ, ಕಾಗದ ಹಿಡಿದಿದ್ದಾಳೆ, ಹಾಕಿದರೆ ಹೋಗುತ್ತಾಳೆ ಎಂದು ಹಾಕಿದರು. ಬ್ಯಾಂಕಿನಿಂದ ರಿಟಾಯರಾದ ಒಬ್ಬರು ಮಾತ್ರ ಕನ್ನಡಕ ಏರಿಸಿ, "ಮೇಲೆ ಎಂತದ್ದೂ ಬರೆದಿಲ್ಲವಲ್ಲ?" ಎಂದರು. "ಮನೆಗೆ ಹೋಗಿ ಬರೀತೇನೆ," ಎಂದೆ. "ಹಾಗಾದ್ರೆ ಸರಿ," ಎಂದು ಸಹಿ ಮಾಡಿ, ಅದರ ಕೆಳಗೆ ನಿವೃತ್ತ ಮ್ಯಾನೇಜರ್ ಎಂದೂ ಸೇರಿಸಿದರು. ಇಷ್ಟು ವರ್ಷ ಜನರ ಸಾಲದ ಕಾಗದ ನೋಡಿದವರು ಅವರು.

ಸಂಜೆ ಚಿಮಣಿಯಷ್ಟೇ ಬೆಳಕು ಕೊಡುವ ಬಲ್ಬಿನ ಕೆಳಗೆ ಹಾಳೆ ಹರಡಿ ಕೂತೆ. ಕೆಳಗೆ ಅಷ್ಟು ಜನರ ಹೆಸರು, ಮೇಲೆ ಬೆಳ್ಳಗೆ ಖಾಲಿ ಜಾಗ. ಹಾಗೆ ಕೂತಾಗ ಮನುಷ್ಯರಿಗೆ ಎಂತೆಂಥ ಆಲೋಚನೆ ಬರುತ್ತದೆ ಗೊತ್ತೇ? ಬಸ್ಸು ನನ್ನ ಮನೆಯ ಬಾಗಿಲಲ್ಲೇ ನಿಲ್ಲಬೇಕು ಎಂದು ಬರೆಯಬಹುದಿತ್ತು. ಮೈಕಿನ ಟೆಂಪೋವನ್ನು ಜಪ್ತಿ ಮಾಡಬೇಕು ಎಂದು ಬರೆಯಬಹುದಿತ್ತು. ಪ್ರತೀಕ್ಷಾಳ ಬಹುಮಾನ ವಾಪಸು ಪಡೆಯಬೇಕು ಎಂದು ಬರೆಯಲು ಪೆನ್ನು ಊರಿಯೂ ಇದ್ದೆ. ಅದಕ್ಕೆ ಅವಳ ಸಹಿಯೂ ಇತ್ತು. ಕೊನೆಗೆ ಕೈ ನೋಯುತ್ತದೆ ಎನ್ನುವ ಒಂದೇ ಕಾರಣಕ್ಕೆ ಎರಡು ಸಾಲು ಬರೆದೆ: ಬಸ್ಸಿನಲ್ಲಿ ಮೀನಿನ ಬುಟ್ಟಿ ತರಲು ಬಿಡಬೇಕು. ನಮಗೆ ತಾಜಾ ಮೀನು ಬೇಕು.

ಮರುದಿನ ಕಾರ್ಕಳದಲ್ಲಿರುವ ಬಸ್ಸಿನವರ ಆಫೀಸಿಗೆ ಹೋದೆ. ಮಾಲಕರು ಇರಲಿಲ್ಲ. ಮ್ಯಾನೇಜರು ಹಾಳೆಗಳನ್ನು ತಿರುಗಿಸಿ ನೋಡಿದರು, ನಿವೃತ್ತ ಮ್ಯಾನೇಜರರ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಂತರು.

"ಇವರೆಲ್ಲ ಓದಿಯೇ ಸಹಿ ಹಾಕಿದ್ದಾ ಅಮ್ಮ?"

"ಹೌದು," ಎಂದೆ. ನನ್ನ ಕಣ್ಣೂ ಮಿಟುಕಲಿಲ್ಲ.

ಅವರು ಫೋನು ಮಾಡಿದರು, ಒಳಗೆ ಹೋದರು, ಹೊರಗೆ ಬಂದರು. ಬುಟ್ಟಿಗೆ ಗಟ್ಟಿ ಮುಚ್ಚಳ ಇರಬೇಕು, ಹಿಂದಿನ ಸೀಟಿನ ಕೆಳಗೆ ಇಡಬೇಕು, ನೀರು ಸೋರಬಾರದು. ಅಷ್ಟಾದರೆ ನಾಳೆಯಿಂದ ಬರಬಹುದು. ಹಾಗಾದರೆ ಮಕ್ಕಳ ಸಂಶೋಧನೆ ಏನಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಮುಚ್ಚಳ ಹಾಕಿದ ಬುಟ್ಟಿಯೊಂದಿಗೆ ಹೋಗುತ್ತಿದ್ದೇನೆ. ಮೈಕಿನವನು ನನ್ನ ಎರಡು ಮನೆಗಳನ್ನು ತಿಂದ, ಉಳಿದವು ನನ್ನವೇ. ಸಿಟ್ಟೂ ಇದ್ದಲ್ಲೇ ಇದೆ. ಬಂಗುಡೆ ಆರಿಸಿ ಕೊಡುವಾಗ ಪ್ರತೀಕ್ಷಾ ಬಾಗಿಲಿಗೆ ಬಂದರೆ, "ಜನರ ಹತ್ರ ಸುಳ್ಳು ಸಹಿ ತಗೊಳ್ತೀಯಾ, ನಾಚಿಕೆ ಆಗುದಿಲ್ವಾ ನಿನಗೆ?" ಎಂದು ಬೈಯಲು ಬಾಯಿ ತೆರೆಯುತ್ತೇನೆ. 'ಜನರ ಹತ್ರ' ಎನ್ನುವವರೆಗೆ ಸ್ವರ ಚೆನ್ನಾಗಿಯೇ ಬರುತ್ತದೆ. ಮುಂದಿನದ್ದರ ಬದಲು ಮೀನಿನ ರೇಟು ಹೇಳಿ ಎದ್ದು ಬರುತ್ತೇನೆ.