ಚಿಕ್ಕಮ್ಮನ ಪಾಲಿಗೆ ಬಂದ ತಟ್ಟೆ

ಚನ್ನಗಿರಿಯ ನಮ್ಮ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋಗುವವರಿಗೆ ನನ್ನದೊಂದು ಕಿವಿಮಾತು: ಬೇಗ ಬೇಗ ಉಣ್ಣಿ. ಹರಟೆ ಹೊಡೆಯುತ್ತಾ ಕೂತಿರೋ, ನಿಮ್ಮ ಮುಂದಿನ ತಟ್ಟೆ ಗೋಡೆಗೆ ಹೋಗುತ್ತದೆ! ಉತ್ಪ್ರೇಕ್ಷೆ ಅನ್ನುತ್ತೀರಾ? ನಮ್ಮ ಚಿಕ್ಕಪ್ಪನನ್ನೇ ಕೇಳಿ. ಮದುವೆಯಾದಾಗಿನಿಂದ ಉಂಡ ಸ್ಟೀಲ್ ತಟ್ಟೆಯನ್ನು ಬೆಳಿಗ್ಗೆ ತೊಳೆದಿಟ್ಟು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅದು ಟಿ.ವಿ. ಮೇಲಿನ ಗೋಡೆಯಲ್ಲಿ ಬಣ್ಣದ ನವಿಲಾಗಿ ಕೂತಿತ್ತು.

"ನನ್ ಗಂಗಾಳ ಎಲ್ಲೈತೆ?" ಎಂದು ಕೇಳಿದರು.

"ಕಣ್ಣೆದುರಿಗೇ ಐತಲ್ರಿ. ಗರಿ ಎಣಿಸ್ಕಂತ ಉಣ್ರಿ" ಎಂದು ಚಿಕ್ಕಮ್ಮ ಬಾಳೆ ಎಲೆ ಹಾಸಿದಳು.

ಸೀಳಿದ ತಟ್ಟೆ, ತೂತು ಬಿದ್ದ ತಟ್ಟೆ, ಬಣ್ಣ ಉದುರಿದ ಪಿಂಗಾಣಿ ತಟ್ಟೆ, ಇವುಗಳನ್ನು ಕಂಡರೆ ಬಣ್ಣ ಬಳಿದು ಗೋಡೆಗೆ ತೂಗುಹಾಕುವ ತನಕ ಅವಳ ಕೈ ಸುಮ್ಮನಿರುವುದಿಲ್ಲ. ಗೇಟಿಗೆ ಹೊಡೆದು ಮಿಕ್ಕ ಬಣ್ಣ, ಎತ್ತಿನ ಕೊಂಬಿಗೆ ತಂದ ಬಣ್ಣ, ಉಗುರಿನ ಬಣ್ಣ, ಒಡೆದ ಬಳೆ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಅಂಗಿ ಗುಂಡಿಗಳಿಗೂ! ಯಾವುದಾದರೂ ತಟ್ಟೆಯ ಗಿಳಿಯ ಕಣ್ಣು ಹೊಸದಾಗಿ ಹೊಳೆಯುತ್ತಿದ್ದರೆ ಚಿಕ್ಕಪ್ಪ ಮೊದಲು ತಮ್ಮ ಅಂಗಿಯ ಕೊರಳು ಮುಟ್ಟಿ ನೋಡಿಕೊಳ್ಳುತ್ತಾರೆ.

ಹಳೇ ಪಾತ್ರೆ ತಗೊಂಡು ಹೊಸ ಪಾತ್ರೆ ಕೊಡುವ ವ್ಯಾಪಾರಿಯೊಬ್ಬ ಮೈಕು ಕಟ್ಟಿದ ಗಾಡಿಯಲ್ಲಿ ಆ ಬೀದಿಗೆ ಬರುತ್ತಿದ್ದ. ಚಿಕ್ಕಮ್ಮ ಅವನನ್ನು ನಿಲ್ಲಿಸಿ, ಮನೆಯ ಹೊಸ ಡಬರಿ ಅವನಿಗೆ ಕೊಟ್ಟು, ಅವನ ಚೀಲದಿಂದ ಹಳೇ ತಟ್ಟೆಗಳನ್ನು ಆರಿಸಿಕೊಂಡಳು. ಅಷ್ಟಾದರೆ ಚಿಂತೆಯಿರಲಿಲ್ಲ. ಇಂಥ ತಟ್ಟೆ ಯಾಕೆ ಸೊಟ್ಟ ಮಾಡಿದೆ, ಇದನ್ನು ಯಾಕೆ ಹೀಗೆ ತುರುಕಿದ್ದೀಯ ಎಂದು ಅರ್ಧ ಗಂಟೆ ಬೈದಳು. ಈಗ ಅವನು ಆ ಬೀದಿಗೆ ಬಂದಾಗ ಮೈಕು ಬಂದ್ ಮಾಡಿಕೊಂಡು ಹೋಗುತ್ತಾನೆ.

ನಗುವವರು ನಕ್ಕರು. "ಇದೇನು ಹುಚ್ಚೇ ನಿಂದು" ಎಂದವರಿಗೆ ಅವಳ ಉತ್ತರ ಒಂದೇ. "ಅರವತ್ತು ತುಂಬಿದೋರ್ನ ಹಾರ ಹಾಕಿ ಸ್ಟೇಜ್ ಮೇಲೆ ಕುಂದ್ರಿಸ್ತೀರಿ. ತಟ್ಟೆ ಏನ್ ಪಾಪ ಮಾಡೈತೆ?"

ಹೋದ ಬೇಸಿಗೆಯಲ್ಲಿ ಬಿಳಿಚೋಡಿನ ನಮ್ಮ ಸೋದರಮಾವ, ಅಂದರೆ ಚಿಕ್ಕಮ್ಮನ ಅಣ್ಣ, ತವರಿನ ಹಳೇ ಮನೆ ಕೆಡವಿ ಕಟ್ಟಿಸಲು ಹೊರಟ. ಚಿಕ್ಕಮ್ಮ ಫೋನು ಮಾಡಿದಳು: "ಅಣ್ಣಾ, ಕೆಡವಬ್ಯಾಡ, ನಿಲ್ಲು. ನನ್ ಪಾಲು ತಗಂಡ್ ಹೋಗಾಕೆ ಬರ್ತಾ ಇದೀನಿ."

ಈ ಕಾಲದಲ್ಲಿ ತಂಗಿಯ ಬಾಯಲ್ಲಿ ಪಾಲು ಎಂಬ ಮಾತು ಬಂದರೆ ಯಾವ ಅಣ್ಣನ ಹೊಟ್ಟೆ ತಣ್ಣಗಿದ್ದೀತು? ಮಾವ ಪಹಣಿ ಹುಡುಕಿಟ್ಟ, ಊರಿನ ಹಿರಿಯರಿಬ್ಬರನ್ನು ಕರೆಸಿ ಕೂರಿಸಿದ. ಚಿಕ್ಕಮ್ಮ ಬಸ್ಸಿಳಿದು ಬಂದವಳೇ ಯಾರನ್ನೂ ಮಾತಾಡಿಸದೆ ಹಿತ್ತಲಿಗೆ ಹೋದಳು. ಬಚ್ಚಲ ಗೋಡೆಯ ಗೂಡಿನಲ್ಲಿದ್ದ ನಗ್ಗಿದ ಅಲ್ಯೂಮಿನಿಯಂ ತಟ್ಟೆಯೊಂದನ್ನು ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಇದೇ ನನ್ ಪಾಲು. ಇನ್ನು ಕೆಡವು" ಎಂದಳು.

ಮಾವನಿಗೆ ಹೋದ ಜೀವ ಬಂತು. "ಇನ್ನೇನಾದ್ರೂ ಬೇಕಾದ್ರೆ ತಗಂಡ್ ಹೋಗವ್ವಾ" ಎಂದು ಒಂದು ಚೀಲ ಜೋಳ ಬಸ್ಸಿಗೆ ಹಾಕಿಸಿದ. ನಾನು ಈ ಕಥೆಯನ್ನು ನಮ್ಮ ನ್ಯಾಮತಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸಿದೆ. ಅದು ಯಾವ ತಟ್ಟೆ ಎಂದು ಕೇಳುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಹದಿನೈದು ದಿನದ ಮೇಲೆ ಚಿಕ್ಕಪ್ಪನ ಫೋನು ಬಂತು. "ನೀನು ಈಗಿಂದೀಗ್ಲೇ ಬಾರವ್ವಾ. ಮನೇಲಿ ಇಬ್ರು ಕುಂತಾರೆ. ಇಬ್ರೂ ಏಳ್ತಾ ಇಲ್ಲ."

ಕುಂತವರಲ್ಲಿ ಒಬ್ಬಳು ಚಿಕ್ಕಮ್ಮ. ಇನ್ನೊಬ್ಬರು ತ್ಯಾವಣಿಗೆಯಿಂದ ಬಂದಿದ್ದ ಚಿಕ್ಕಪ್ಪನ ಅಕ್ಕ. ಚಿಕ್ಕಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವರು. ಅವರ ಮಾತಿಗೆ ಚಿಕ್ಕಪ್ಪ ಇವತ್ತಿಗೂ ಎದುರು ಮಾತಾಡಿಲ್ಲ. ಅವರು ಒಳಗೆ ಬರುತ್ತಲೇ, ದೇವರ ಮನೆಯ ಬಾಗಿಲ ಪಕ್ಕದಲ್ಲಿ ಹೊಸದಾಗಿ ತೂಗುತ್ತಿದ್ದ ತಟ್ಟೆ ನೋಡಿ, ಚೆಂದ ಐತಲ್ಲ, ಎಲ್ಲಿಂದು ಎಂದು ಕೇಳಿದರಂತೆ. ಸುಳ್ಳು ಹೇಳಲು ಚಿಕ್ಕಮ್ಮನಿಗೆ ಏನು ಕಷ್ಟವಿತ್ತು? ಆದರೆ ಅವಳು ನಿಜ ಹೇಳಿದಳು. "ನಮ್ ತವರಲ್ಲಿ ಹೆಣ್ಮಕ್ಳು ಹೊರಗಾದಾಗ ಹಿತ್ತಲಲ್ಲಿ ಕುಂತು ಉಣ್ತಿದ್ದ ತಟ್ಟೆ ಅಕ್ಕಾ."

"ಮುಟ್ಟಿನ ತಟ್ಟೆ ದೇವರ ಮನೆ ಬಾಗ್ಲಲ್ಲಾ? ಅದು ಇಳಿಯೋ ತನಕ ಈ ಮನೇಲಿ ನಾನು ಹನಿ ನೀರು ಕುಡಿಯಲ್ಲ."

"ಮಜ್ಜಿಗೆ ಐತೆ, ತರ್ಲಾ ಅಕ್ಕಾ?"

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಚನ್ನಗಿರಿ ಮುಟ್ಟುವವರೆಗೂ ನಾನು ಬುದ್ಧಿಮಾತು ಜೋಡಿಸಿಕೊಂಡೆ. ಹಿರಿಯರ ಮನಸ್ಸು ಯಾಕೆ ನೋಯಿಸಬೇಕು, ಅಡುಗೆಮನೆ ಗೋಡೆಗೆ ಹಾಕಿದರಾಯಿತು, ಹೀಗೆ. ಹೋಗಿ ನೋಡಿದರೆ ನಡುಮನೆಯ ಆ ಗೋಡೆಗೊಬ್ಬರು, ಈ ಗೋಡೆಗೊಬ್ಬರು. ನಡುವೆ ಸ್ಟೂಲು. ಪಕ್ಕದಲ್ಲಿ ತಟ್ಟೆಯ ತಂತಿ ಬಿಡಿಸಲು ಕಟಿಂಗ್ ಪ್ಲೇಯರ್ ಹಿಡಿದ ಚಿಕ್ಕಪ್ಪ.

"ನಾನಂತೂ ಇಳಿಸಲ್ಲ" ಎಂದಳು ಚಿಕ್ಕಮ್ಮ. "ಇವಳು ಬೇಕಾದ್ರೆ ಇಳಿಸ್ಲಿ. ಇವಳಿಗೂ ಅದ್ರಲ್ಲಿ ಪಾಲೈತೆ."

ನನಗೆಲ್ಲಿಯ ಪಾಲು? ಸ್ಟೂಲು ಹತ್ತಿದೆ. ತಟ್ಟೆಯ ನಡುವಿಗೆ ಅವಳು ಬಣ್ಣವನ್ನೇ ಮುಟ್ಟಿಸಿರಲಿಲ್ಲ. ಅಂಚಿನ ಸುತ್ತ ಮಾತ್ರ ಬಿಳಿ ಹೂವಿನ ಸಾಲು. ಒಂದು ಕಡೆ ಅಂಚು ಒಳಕ್ಕೆ ನಗ್ಗಿತ್ತು. ಆ ನಗ್ಗು ನೋಡಿದ ಕೂಡಲೇ ನನ್ನ ಕೈ ನಿಂತಿತು. ಅದು ನಾನು ಮಾಡಿದ್ದು.

ಬೇಸಿಗೆ ರಜೆಗೆ ಬಿಳಿಚೋಡಿಗೆ ಹೋಗಿದ್ದೆ. ಆಗ ನನಗೆ ಹನ್ನೆರಡು ವರ್ಷ. ಮೊದಲ ಸಲ ಹೊರಗಾದದ್ದು ಅಲ್ಲೇ. ಏನಾಗಿದೆ ಎಂದು ತಿಳಿಯುವ ಮೊದಲೇ ಅಜ್ಜಿ ನನ್ನನ್ನು ಬಚ್ಚಲ ಪಕ್ಕ ಕೂರಿಸಿ, ಮಾರು ದೂರದಿಂದ ಆ ತಟ್ಟೆಗೆ ರೊಟ್ಟಿ ಹಾಕಿ ಹೋದಳು. ನಾನು ತಟ್ಟೆ ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಬೀಸಿದೆ. ಉಣ್ಣುವುದಿಲ್ಲ ಎಂದು ಅಳುತ್ತಾ ಕೂತೆ. ಆಗ ಇನ್ನೂ ಮದುವೆಯಾಗದ ಚಿಕ್ಕಮ್ಮ ಬಂದು, ತಟ್ಟೆ ತೊಳೆದು, ಬೇರೆ ರೊಟ್ಟಿ ಹಾಕಿಕೊಂಡು, "ಸರ್ಕೊಳೇ" ಎಂದು ನನ್ನ ಮೈಗೆ ಮೈ ತಾಗಿಸಿ ಕೂತಳು. ಅರ್ಧ ರೊಟ್ಟಿ ಮುರಿದು ತಾನು ತಿಂದಳು.

"ಮುಟ್ಟಿದೆಯಲ್ಲೇ. ಇನ್ ಮೂರು ದಿನ ನೀನೂ ಅಲ್ಲೇ ಬಿದ್ದಿರು" ಎಂದು ಅಜ್ಜಿ ಕೂಗಿದಳು.

"ಇರ್ತೀನಿ ಬಿಡು" ಎಂದಳು ಚಿಕ್ಕಮ್ಮ.

ಇದ್ದಳು. ಮೂರು ದಿನವೂ ಒಂದೇ ಚಾಪೆ, ಒಂದೇ ತಟ್ಟೆ. ಹೊತ್ತು ಹೋಗಲೆಂದು ಸುಣ್ಣದ ಚೂರು ತಗೊಂಡು ತಟ್ಟೆಯ ಅಂಚಿಗೆ ಐದೆಸಳಿನ ಹೂ ಬರೆಯುತ್ತಿದ್ದಳು. ತೊಳೆದರೆ ಹೋಗುತ್ತಿತ್ತು. ಮತ್ತೆ ಬರೆಯುತ್ತಿದ್ದಳು. ನನಗೂ ಒಂದು ಬರೆಯಲು ಕೊಟ್ಟಿದ್ದಳು. ನಾನು ಎಣಿಕೆ ತಪ್ಪಿ ಆರು ಎಸಳು ಬರೆದಿದ್ದೆ.

ಸ್ಟೂಲಿನ ಮೇಲೆ ನಿಂತು ಹೂಗಳನ್ನು ಒಂದೊಂದಾಗಿ ನೋಡಿದೆ. ನಗ್ಗಿನ ಪಕ್ಕದ ಹೂವಿಗೆ ಆರು ಎಸಳಿದ್ದವು. ಇಷ್ಟು ವರ್ಷ ಇವಳ ಹುಚ್ಚು ಹೇಳಿಕೊಂಡು ನಕ್ಕವಳು ನಾನು. ನನಗೆ ನಾಚಿಕೆಯಾಯಿತು.

ತಟ್ಟೆ ಇಳಿಸಿದೆ. "ಹಾಂ, ಹಂಗೆ. ಇವಳಿಗೈತೆ ಬುದ್ಧಿ" ಎಂದರು ತ್ಯಾವಣಿಗೆಯವರು. ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಒಳಗೆ ಹೋಗಿ ತಟ್ಟೆ ತೊಳೆದು, ಬೆಳಗಿನ ಒಗ್ಗರಣೆ ಮಂಡಕ್ಕಿ ತುಂಬಿಕೊಂಡು ಬಂದು ದೇವರ ಮನೆಯ ಬಾಗಿಲಲ್ಲೇ ನೆಲಕ್ಕೆ ಕೂತೆ.

"ಚಿಕ್ಕಮ್ಮ, ಬಾ. ಸರ್ಕಂಡಿದೀನಿ."

ಅವಳು ಎದ್ದು ಬಂದು ಮೈಗೆ ಮೈ ತಾಗಿಸಿ ಕೂತಳು. ಇಬ್ಬರೂ ತಿಂದೆವು. ತ್ಯಾವಣಿಗೆಯವರು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ನೀರು ಕುಡಿಯಲೇ ಇಲ್ಲ. ಚಿಕ್ಕಪ್ಪ ಬಾಗಿಲವರೆಗೆ ಅಕ್ಕನ ಹಿಂದೆ ಹೋದರು. ಆಮೇಲೆ ವಾಪಸು ಬಂದು, ಪ್ಲೇಯರ್ ಕಿಟಕಿಯ ಮೇಲಿಟ್ಟು, ನಮ್ಮ ಎದುರು ಚಕ್ಕಳಮಕ್ಕಳ ಹಾಕಿ ಕೂತು ತಟ್ಟೆಗೆ ಕೈ ಹಾಕಿದರು.

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು.

"ಬೇಗ ಬೇಗ ಉಣ್ರಿ. ತಟ್ಟೆ ಗೋಡೆಗೆ ಹೋಗ್ಬೇಕು."